ಚನ್ನಯ್ಯ ಹೇಳಿದ ತೂಕ

ಹುಬ್ಬಳ್ಳಿಯ ಕಾಳಿನ ಪೇಟೆಯಲ್ಲಿ ಚನ್ನಯ್ಯ ಹೇಳಿದ ತೂಕಕ್ಕೆ ಮರುತೂಕ ಇರಲಿಲ್ಲ. ದಲಾಲರು ಒಬ್ಬರ ಮಾತನ್ನೊಬ್ಬರು ನಂಬುತ್ತಿರಲಿಲ್ಲ. ಅಷ್ಟೇಕೆ, ತಮ್ಮ ಮಾತನ್ನೇ ತಾವು ನಂಬುತ್ತಿರಲಿಲ್ಲ. ಚನ್ನಯ್ಯನ ತಕ್ಕಡಿಯನ್ನು ಮಾತ್ರ ನಂಬುತ್ತಿದ್ದರು. ಮೊದಲ ಚೀಲಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಕೂಗುವುದು ಪೇಟೆಯ ರೂಢಿ, ಆಮೇಲೆ ಎರಡು, ಮೂರು. ಅಂಥ ಮನುಷ್ಯ ಅರವತ್ತು ದಾಟಿದ ಮೇಲೆ ತಕ್ಕಡಿಗೆ ಮೋಸ ಮಾಡಿದ, ಅದೂ ಏಳು ವರ್ಷದ ಮೊಮ್ಮಗಳ ತೂಕದಲ್ಲಿ.

ಮೊಮ್ಮಗಳು ಸೌಮ್ಯಾ. ಅವಳ ಅಪ್ಪ, ಅಂದರೆ ಚನ್ನಯ್ಯನ ಮಗ ಪ್ರಸಾದ, ಅವನ ಹಿಂದೆಯೇ ಅವಳ ಅವ್ವ, ಇಬ್ಬರೂ ಏಡ್ಸ್‌ನಿಂದ ಹೋಗಿದ್ದರು. ಮಗುವಿನ ರಕ್ತದಲ್ಲೂ ಎಚ್‌ಐವಿ ಇತ್ತು. ರಾಯಾಪುರದ ಓಣಿಯವರಿಗೆ ‘ಹುಡುಗಿಗೆ ರಕ್ತ ಕಡಿಮೆ’ ಎಂದು ಹೇಳಿ ಚನ್ನಯ್ಯ ತಿಂಗಳಿಗೊಮ್ಮೆ ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಓಣಿಯವರು ನಂಬಿದಂತೆ ಮಾಡಿ, ನಳದ ಹತ್ತಿರ ತಮ್ಮ ಕೊಡಗಳನ್ನು ಮಾತ್ರ ದೂರ ಸರಿಸಿಕೊಳ್ಳುತ್ತಿದ್ದರು.

ಅದು ಎರಡು ಸಾವಿರದ ಆರನೆಯ ಇಸವಿ. ಮಕ್ಕಳ ಗುಳಿಗೆ ಎಂದು ಬೇರೆ ಇರಲಿಲ್ಲ. ದೊಡ್ಡವರದ್ದನ್ನೇ ಮುರಿದು ಕೊಡುತ್ತಿದ್ದರು. ರಕ್ತ ಪರೀಕ್ಷೆಯ ಯಂತ್ರ ಕೆಟ್ಟು ಕೂತಿದ್ದೇ ಹೆಚ್ಚು. ಗುಳಿಗೆ ಮೈಗೆ ಹತ್ತುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಡಾಕ್ಟರ್ ಶಶಿಕಾಂತರಿಗೆ ಉಳಿದದ್ದು ಒಳಕೋಣೆಯ ತೂಕದ ಯಂತ್ರ. ನರ್ಸ್ ಸುಮಲತಾ ಮಕ್ಕಳ ಚಪ್ಪಲಿ, ಸ್ವೆಟರು, ಕಾಲ್ಗೆಜ್ಜೆ ಎಲ್ಲವನ್ನೂ ಬಿಚ್ಚಿಸಿಯೇ ಅದರ ಮೇಲೆ ನಿಲ್ಲಿಸುವಳು. ಸೌಮ್ಯಾ ಹತ್ತುವಾಗ ಅಜ್ಜನಿಂದ ಕಲಿತಂತೆ ‘ಲಾಭ’ ಎನ್ನುವಳು. ಸುಮಲತಾ ನಕ್ಕು, ‘ಎರಡು ಯಾರು?’ ಎಂದು ಮುಂದಿನ ಮಗುವನ್ನು ಕರೆಯುವಳು.

ಅದೇ ಸಾಲಿನಲ್ಲಿ ಫಕೀರೇಶ ಎಂಬ ಹುಡುಗ ಬರುತ್ತಿದ್ದ. ಅವನ ತೂಕ ಇಳಿಯುತ್ತ ಹೋಯಿತು. ಈ ಗುಳಿಗೆ ಇವನಿಗೆ ಕೆಲಸ ಮಾಡುತ್ತಿಲ್ಲ, ಬೇರೆಯದು ನಮ್ಮಲ್ಲಿಲ್ಲ ಎಂದು ಡಾಕ್ಟರರು ಅವನ ತಾಯಿಗೆ ಹೇಳಿದ್ದು ಚನ್ನಯ್ಯನ ಕಿವಿಗೆ ಬಿತ್ತು. ಸ್ವಲ್ಪ ದಿನಕ್ಕೆ ಹುಡುಗ ಸತ್ತ ಸುದ್ದಿ ಬಂತು. ಚನ್ನಯ್ಯ ತನ್ನದೇ ಲೆಕ್ಕ ಹಾಕಿದ: ತೂಕ ಇಳಿದರೆ ಗುಳಿಗೆ ನಿಲ್ಲಿಸುತ್ತಾರೆ, ಗುಳಿಗೆ ನಿಂತರೆ ಕೂಸು ಹೋಗುತ್ತದೆ. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಎಲ್ಲಿ ಗುಳಿಗೆ ನಿಲ್ಲಿಸುವುದನ್ನು ತಾನೇ ಅವರಿಗೆ ನೆನಪು ಮಾಡಿಕೊಟ್ಟಂತಾದೀತೋ ಎಂದು ಹೆದರಿ ಸುಮ್ಮನಾದ.

ಮಳೆಗಾಲ ಮುಗಿಯುವ ಹೊತ್ತಿಗೆ ಸೌಮ್ಯಾ ತಾಟಿನಲ್ಲಿ ರೊಟ್ಟಿ ಬಿಡತೊಡಗಿದಳು. ಚೀಲ ಎತ್ತಿ ಪಳಗಿದ ತೋಳಿಗೆ ಬೇರೆ ತಕ್ಕಡಿ ಬೇಕಿರಲಿಲ್ಲ. ಬಸ್ಸಿಗೆ ಹತ್ತಿಸುವಾಗಲೇ ಅವಳು ಹಗುರಾಗಿದ್ದಾಳೆಂದು ಚನ್ನಯ್ಯನಿಗೆ ತಿಳಿಯಿತು.

ಅವಳ ಕೊರಳಲ್ಲಿ ಲಿಂಗವಿಡುವ ಬೆಳ್ಳಿಯ ಗುಂಡಗಡಿಗೆ ಇತ್ತು. ಚನ್ನಯ್ಯನ ಅಪ್ಪನ ಕಾಲದ್ದು, ದೊಡ್ಡ ಲಿಂಬೆಹಣ್ಣಿನಷ್ಟಿತ್ತು. ಸುಮಲತಾ ಏನೆಲ್ಲ ಬಿಚ್ಚಿಸಿದರೂ ಅದನ್ನು ಮುಟ್ಟುತ್ತಿರಲಿಲ್ಲ. ಲಿಂಗ ಮೈಬಿಟ್ಟು ಅಗಲಬಾರದೆಂಬುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಮುಂದಿನ ಸಲ ಆಸ್ಪತ್ರೆಗೆ ಹೊರಡುವ ಮುಂಚೆ ಚನ್ನಯ್ಯ ಆ ಲಿಂಗವನ್ನು ಹೊರತೆಗೆದು, ವಸ್ತ್ರದಲ್ಲಿ ಸುತ್ತಿ, ತನ್ನ ಲಿಂಗದ ಪಕ್ಕ ಕಟ್ಟಿಕೊಂಡ. ತೂಕದ ಕಲ್ಲುಗಳನ್ನು ಸರಿಹೊಂದಿಸುವ ಸೀಸದ ಚೂರುಗಳು ಮನೆಯಲ್ಲಿ ಬಿದ್ದಿದ್ದವು. ಅವನ್ನು ಮಗುವಿನ ಕಣ್ಣೆದುರೇ ಗುಂಡಗಡಿಗೆಗೆ ತುಂಬಿದ. ಹೆಂಡತಿ ಶರಣವ್ವನಿಗೂ ಹೇಳಲಿಲ್ಲ. ಪೂಜೆಗೆ ಕೂತಾಗ ಅಂಗೈಯ ಲಿಂಗವನ್ನು ದಿಟ್ಟಿಸಲು ಅವನಿಗೆ ಧೈರ್ಯ ಬರುತ್ತಿರಲಿಲ್ಲ, ಸೀಸ ಬಿಡುವ ಧೈರ್ಯವೂ ಬರುತ್ತಿರಲಿಲ್ಲ.

ಡಾಕ್ಟರರು ತೂಕ ನೋಡಿ ಸಮಾಧಾನಪಟ್ಟರು. ಕೆಮ್ಮು ಶುರುವಾದಾಗ, ತೂಕ ಏರಿದೆಯಲ್ಲ, ಬರೀ ನೆಗಡಿ ಇರಬೇಕು ಎಂದರು. ಸಂಜೆ ಸಂಜೆ ಜ್ವರ ಬರುತ್ತಿದ್ದದ್ದನ್ನು ಚನ್ನಯ್ಯ ಹೇಳಲೇ ಇಲ್ಲ. ಮರುತಿಂಗಳು ಇನ್ನಷ್ಟು ಸೀಸ ಬೇಕಾಯಿತು.

ಮೂರನೆಯ ಸಲ ಸೌಮ್ಯಾ ಯಂತ್ರ ಹತ್ತಿ ‘ಲಾಭ’ ಎನ್ನಲಿಲ್ಲ. ಗುಂಡಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಳು. ದಾರ ಒತ್ತಿ ಕೊರಳಲ್ಲಿ ಕೆಂಪು ಬರೆ ಎದ್ದಿತ್ತು. ಭಾರವಾಯಿತೇ ಎಂದು ಸುಮಲತಾ ಕೇಳಿದಳು. ಮಗು ಅಜ್ಜನ ಮುಖ ನೋಡಿತು. ಹೇಳಲೋ ಬೇಡವೋ ಎಂದು ಕಣ್ಣಲ್ಲೇ ಅವನನ್ನು ಕೇಳುತ್ತಿತ್ತು. ಈ ಕೂಸಿಗೆ ಕಳ್ಳತೂಕ ಕಲಿಸಿದೆನಲ್ಲ ಎಂದು ಚನ್ನಯ್ಯನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ತಗೀರಿ ಬಾಯಾರ,” ಎಂದ. “ಅದರಾಗ ಲಿಂಗ ಇಲ್ಲ. ಸೀಸ ಐತಿ.”

ಸುಮಲತಾ ಕೈ ಹಿಂದೆಗೆದಳು. ಮೊದಲು ಅವಳು ಕೇಳಿದ್ದು ಲಿಂಗ ಎಲ್ಲಿ ಎಂದು. ತೂಕದ ವಿಚಾರ ಆಮೇಲೆ ಹೊಳೆದು, ಡಾಕ್ಟರರನ್ನು ಕರೆಯಲು ಓಡಿದಳು. ಯಾಕೆ ಹೀಗೆ ಮಾಡಿದಿರಿ ಎಂದು ಅವರು ಕೇಳಿದಾಗ ಚನ್ನಯ್ಯ ಫಕೀರೇಶನ ಹೆಸರು ಹೇಳಿದ.

ಶಶಿಕಾಂತರು ಸಿಟ್ಟಿನ ಮನುಷ್ಯರಲ್ಲ. ಆದರೂ ಅಂದು ದನಿ ಏರಿಸಿದರು. “ಅಂವಗೂ ನಾವು ಗುಳಿಗಿ ನಿಲ್ಲಸಿರಲಿಲ್ರಿ. ತೂಕ ಇಳದ್ರನ ನಾವು ಹುಡಕತೇವಿ, ಒಳಗ ಏನ್ ಕೆಟ್ಟೈತಿ ಅಂತ. ನಮಗಿದ್ದದ್ದು ಅದೊಂದ ಕಣ್ಣು. ಅದನ್ನ ನೀವು ಮುಚ್ಚಿದ್ರಿ.”

ಎದೆಯ ಎಕ್ಸ್‌ರೇ ತೆಗೆದರು. ಕ್ಷಯ ಒಂದು ಶ್ವಾಸಕೋಶವನ್ನು ತುಂಬಿ ಇನ್ನೊಂದಕ್ಕೂ ಕೈಹಾಕಿತ್ತು. ಮೊದಲೇ ಗೊತ್ತಾಗಿದ್ದರೆ ಸುಲಭವಿತ್ತು, ಈಗ ಔಷಧ ಕೊಟ್ಟು ನೋಡಬೇಕಷ್ಟೇ ಎಂದರು. ಆ ಔಷಧವನ್ನೂ ತೂಕದ ಪ್ರಕಾರವೇ ಕೊಡಬೇಕು. ಸೌಮ್ಯಾಳನ್ನು ಮತ್ತೆ ತೂಗಬೇಕಾಯಿತು.

ಚನ್ನಯ್ಯ ಎಂದಿನಂತೆ ಅವಳ ಕೈ ಹಿಡಿದು ಒಳಕೋಣೆಯ ಕಡೆ ನಡೆದ. ಬಾಗಿಲಲ್ಲಿ ಸುಮಲತಾ ಮಗುವಿನ ಕೈಯನ್ನು ಅವನ ಕೈಯಿಂದ ಬಿಡಿಸಿಕೊಂಡಳು.

“ನೀವು ಹೊರಗ ನಿಂದರ್ರಿ ಅಜ್ಜಾರ.”

ಮೆತ್ತಗೇ ಹೇಳಿ ಬಾಗಿಲು ಮುಚ್ಚಿದಳು. ಎದೆಯ ಮೇಲೆ ಎರಡು ಲಿಂಗ ಹೊತ್ತು ಚನ್ನಯ್ಯ ಕಿವಿಗೊಟ್ಟು ನಿಂತ. ಒಳಗೆ ಕೆಮ್ಮು ಕೇಳಿಸಿತು, ಆಮೇಲೆ ಸಣ್ಣ ದನಿಯಲ್ಲಿ ‘ಲಾಭ’. ಈ ಸಲ ಸುಮಲತಾ ‘ಎರಡು ಯಾರು’ ಎನ್ನಲಿಲ್ಲ. ತೂಕವನ್ನು ಡಾಕ್ಟರರಿಗೆ ಮಾತ್ರ ಮೆಲ್ಲಗೆ ಹೇಳಿದಳು. ಆ ಅಂಕಿ ಬಾಗಿಲು ದಾಟಿ ಚನ್ನಯ್ಯನವರೆಗೆ ಬರಲಿಲ್ಲ.