ಪಬ್ಬಿನಲ್ಲಿ ಹೇಳಿದ ಬೆಕ್ಕಿನ ಕಥೆ

ತೂಕದ ಯಂತ್ರ ರಿಪೇರಿಗೆಂದು ಊರೂರು ಸುತ್ತುವ ಅವನು ಯಾವ ನಗರಕ್ಕೆ ಹೋದರೂ ಸಂಜೆಗೊಂದು ಐರಿಶ್ ಪಬ್ ಹುಡುಕಿಕೊಳ್ಳುತ್ತಿದ್ದ. ಅಲ್ಲಿ ಗುರುತಿಲ್ಲದವರೂ ಪಕ್ಕದ ಸ್ಟೂಲು ಎಳೆದು ಕೂರಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ‘ಹ್ಞೂಂ’ ಬಿಟ್ಟು ಮಾತಾಡದವನು ಅಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ.

ಈ ಸಲ ಹೆಂಡತಿಯೂ ಜೊತೆಗಿದ್ದಳು. ತಕ್ಕಡಿ ಕೆಟ್ಟಿದೆಯೆಂದು ಪೂರ್ತಿ ಬಿಚ್ಚಿಹಾಕಿದ ಮೇಲೆ ಅದರಡಿ ಬೆಕ್ಕು ಮಲಗಿದ್ದು ಕಂಡ ಕಥೆಯನ್ನು ಅವನು ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

“ಯಾವಾಗ ರೀ ಇದು ಆಗಿದ್ದು?” ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

“ನಮ್ಮ ಮದುವೆಯಾದ ವರ್ಷ,” ಎಂದವನು ನಾಲಗೆ ಕಚ್ಚಿಕೊಂಡ. ಕಂಡವರಿಗೆಲ್ಲ ಹಂಚಿದ ನಗು ಅವಳ ಪಾಲಿನಿಂದಲೇ ಕದ್ದದ್ದೆನಿಸಿತು.

ಊರಿಗೆ ಮರಳಿದ ದಿನ ಅವಳು ಊಟದ ಮೇಜಿನಲ್ಲಿ ಎದುರಿಗೆ ಕೂರದೆ, ಅವನ ಪಕ್ಕದ ಕುರ್ಚಿ ಎಳೆದುಕೊಂಡಳು.

“ನನ್ನ ಗುರುತೇ ಇಲ್ಲ ಅಂದ್ಕೊಳ್ಳಿ,” ಎಂದಳು ಮೆಲ್ಲಗೆ. “ಈಗ ಹೇಳಿ.”