ಗಾಳಿ ಕೊಳವೆಯಲ್ಲಿ ಇಳಿದು ಬಂದ ಮಾತು

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಗುರುವಾರ ಬಂತೆಂದರೆ ಅಮೆರಿಕದ ಮಿಲ್ವಾಕಿಯ ಪೋಲಿಷ್ ಇಗರ್ಜಿಯ ನೆಲಮಾಳಿಗೆ ಅಡುಗೆಮನೆಯಲ್ಲಿ ಹೆಂಗಸರದ್ದೇ ರಾಜ್ಯ. ಶುಕ್ರವಾರದ ಮಾರಾಟಕ್ಕೆ ಪಿಯೆರೋಗಿ ಎಂಬ ಕಡುಬು ಆಗಬೇಕು. ಆಲೂಗಡ್ಡೆ ಹೂರಣ ತುಂಬಿ ಹಿಟ್ಟಿನ ಅಂಚು ಒತ್ತುತ್ತಾ ಊರ ಸುದ್ದಿಯನ್ನೆಲ್ಲ ಜಾಲಾಡುವುದು. ಅದೇ ಹೊತ್ತಿಗೆ ಮೇಲೆ, ಹೊಸದಾಗಿ ಕಟ್ಟಿಸಿದ ಕೋಣೆಯಲ್ಲಿ ಫಾದರ್ ಜೆನಾನ್ ಪಾಪನಿವೇದನೆ ಕೇಳುತ್ತಾರೆ.

ಅಂದು ಬಿಸಿಗಾಳಿಯ ಯಂತ್ರ ಗಕ್ಕನೆ ನಿಂತಿತು. ಅದರ ಗುಂಯ್ ಸದ್ದು ಅಡಗಿದ್ದೇ ತಡ, ಗೋಡೆಯ ಜಾಲರಿಯೊಳಗಿಂದ ಮಾತು ಬಂತು.

"ಕೂತ್ಕೋ ಮಗಳೇ. ಇಲ್ಲಿ ಆಡಿದ್ದು ಇಲ್ಲೇ ಇರತ್ತೆ."

ಫಾದರ್ ದನಿ! ಅಂಚು ಒತ್ತುತ್ತಿದ್ದ ಯಾದ್ವಿಗ ಕೈಯಲ್ಲಿದ್ದ ಹಿಟ್ಟು ಬಿಟ್ಟು ಜಾಲರಿಯತ್ತ ತಿರುಗಿದಳು. ಹೋದ ಗುರುವಾರ ಅದೇ ಕೋಣೆಯಲ್ಲಿ ಅವಳೂ ಕೂತಿದ್ದಳು. ಮಗಳು ಕಿಂಗಾ, ತನ್ನನ್ನು ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಹೋದದ್ದು, ಅವನು ಬಂದು ಕೇಳಿದಾಗ ತಾನು ಸುಳ್ಳು ಹೇಳಿದ್ದು, ಅವಳು ಹತ್ತಿರದ ಕೆನೋಶಾ ಊರಿನ ಬೇಕರಿಯ ಮೇಲಿನ ಮನೆಯಲ್ಲಿ ಅಡಗಿರುವುದು, ಎಲ್ಲವನ್ನೂ ಬಾಯಿಬಿಟ್ಟಿದ್ದಳು. ಆಗಲೂ ಯಂತ್ರ ನಡುವೆ ನಿಂತಿತ್ತು; ಇದೇ ಜಾಲರಿಯ ಕೆಳಗೆ ಕೂತಿದ್ದವಳು ಬ್ರೋನ್ಯ, ಆ ಗಂಡನ ಹೆತ್ತ ತಾಯಿ. ಇಂದು ಬ್ರೋನ್ಯ ಬಂದೇ ಇಲ್ಲ.

ಯಾದ್ವಿಗ ಹಿಟ್ಟಿನ ಕೈಯಲ್ಲೇ ಮಗಳಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಇಲ್ಲ.

ಗೆಳತಿ ಗ್ರಾಜಿನ ಓಡಿಹೋಗಿ ಫಾದರನ್ನು ಕರೆತಂದು, ಕೋಣೆಯ ಮಾತೆಲ್ಲ ಕೆಳಗೆ ಕೇಳಿಸುತ್ತಿದೆ ಎಂದಳು. ಆಸ್ಪತ್ರೆಗಳ ಗಾಳಿ ಕೊಳವೆಗಳ ಸದ್ದು ತಗ್ಗಿಸುವುದೇ ಅವಳ ಕೆಲಸ.

"ಸಾಧ್ಯವೇ ಇಲ್ಲಮ್ಮ," ಎಂದರು ಫಾದರ್. "ಓಕ್ ಮರದ ಬಾಗಿಲು, ಸುತ್ತ ರಬ್ಬರ್ ಪಟ್ಟಿ. ಪಿಸುಮಾತೂ ಆಚೆ ಬರಲ್ಲ."

"ಬಾಗಿಲು ಭದ್ರ ಮಾಡಿದ್ರಿ," ಎಂದಳು ಗ್ರಾಜಿನ, "ಗಾಳಿ ಕೊಳವೆ ಮರೆತ್ರಿ. ಆ ಕೋಣೆಗೂ ಈ ಅಡುಗೆಮನೆಗೂ ಒಂದೇ ತಗಡಿನ ಕೊಳವೆ ಫಾದರ್. ಬಯಲಲ್ಲಿ ಆಡಿದ ಮಾತು ನಾಲ್ಕು ಕಡೆ ಚೆದುರಿ ಸಣ್ಣಗಾಗತ್ತೆ. ಕೊಳವೇಲಿ ಚೆದುರೋಕೆ ಜಾಗ ಎಲ್ಲಿದೆ? ಬರಿ ತಗಡು ಸದ್ದನ್ನ ಹೀರಲ್ಲ. ಬಡ್ಕೊಂಡು ಬಡ್ಕೊಂಡು ಮುಂದಕ್ಕೇ ಹೋಗತ್ತೆ. ಯಂತ್ರ ಓಡೋವಾಗ ಅದರ ಗದ್ದಲದಲ್ಲಿ ಗೊತ್ತಾಗಲ್ಲ, ನಿಂತ್ರೆ ಮುಗೀತು."

ಫಾದರ್ ಅಡ್ಡಡ್ಡ ತಲೆಯಾಡಿಸಿದರು, ನಂಬಲಿಲ್ಲ. ಗ್ರಾಜಿನ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಜಾಲರಿಯಿಂದ ಮೆತ್ತಗೆ ಬಂತು: "ಫಾದರ್, ಇನ್ನಾದ್ರೂ ಮೊಂಡು ಬಿಡಿ."

ಫಾದರ್ ಮುಖ ಬಿಳಿಚಿತು. ಗ್ರಾಜಿನ ಇಳಿದು ಬಂದಾಗ, "ಈಗ್ಲೇ ಕಂಬಳಿ ತುರುಕಿ ಮುಚ್ಚಿಬಿಡ್ತೀನಿ," ಎಂದರು.

"ಅಯ್ಯೋ ಬೇಡಿ! ಗಾಳಿ ಕಟ್ಟಿದ್ರೆ ಯಂತ್ರ ಕಾದು ಕೆಡತ್ತೆ. ಕೊಳವೆ ಒಳಗೆ ಸದ್ದು ಹೀರೋ ಮೆತ್ತೆ ಹೊದಿಸ್ಬೇಕು, ಒಂದೆರಡು ತಿರುವು ಕೊಡ್ಬೇಕು. ತಿರುವಲ್ಲಿ ಮಾತು ಮೆತ್ತೆಗೆ ಬಡಿದು ಸೋಲತ್ತೆ, ಗಾಳಿ ಹೋಗತ್ತೆ. ಅಲ್ಲೀವರೆಗೆ ಆ ಕೋಣೆಗೆ ಬೀಗ ಹಾಕಿ."

ಫಾದರ್ ಬೀಗ ಹುಡುಕಲು ಹೋದರು.

ಆಗ ಫೋನು ಬಂತು. ಕಿಂಗಾ!

"ಅಮ್ಮಾ, ಅತ್ತೆ ಬಂದಿದ್ರು. ನೀನು ಹೇಳಿದ್ದೆಲ್ಲ ಜಾಲರೀಲಿ ಕೇಳಿಸ್ತಂತೆ. ಪಿಯೆರೋಗಿ ತಟ್ಟೆ ಎತ್ತೋಕೆ ಬಂದಿದ್ದ ನನ್ನ ಗಂಡನೂ ಅಲ್ಲೇ ನಿಂತಿದ್ನಂತೆ. ಇವತ್ತು ಬೆಳಗ್ಗೆ ಕೆನೋಶಾ ಹೆಸರೆತ್ತಿದ್ನಂತೆ. 'ಮೊದ್ಲು ಇಲ್ಲಿಂದ ಹೊರಡು' ಅಂತ ಅವ್ರೇ ಬಟ್ಟೆ ತುಂಬಿ ಬಸ್ಸು ಹತ್ತಿಸಿದ್ರು."

"ಎಲ್ಲಿಗೆ ಹೊರಟೆ ಕಂದಾ?"

"ನಿಂಗೂ ಹೇಳಲ್ಲಮ್ಮ," ಎಂದಳು ಕಿಂಗಾ. ಫೋನು ಇಟ್ಟಳು.

ಮಗಳು ಬದುಕಿದ್ದಾಳೆ, ಸದ್ಯ. ಎಲ್ಲಿದ್ದಾಳೆಂದು ಹೆತ್ತವಳಿಗೇ ಗೊತ್ತಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರರ ಕೋಣೆ, ವಕೀಲರ ಕೋಣೆ, ಗುಟ್ಟು ಹೇಳಿಕೊಳ್ಳುವ ಕೋಣೆ ನಿಮ್ಮಲ್ಲೂ ಇರುತ್ತದೆ. ಬಾಗಿಲು ಹಾಕಿದೆಯೆಂದು ನೆಚ್ಚಿಕೊಂಡು ಕೂರಬೇಡಿ. ತಲೆಯೆತ್ತಿ ಜಾಲರಿ ಎಲ್ಲಿದೆ ನೋಡಿ. ಯಂತ್ರ ನಿಲ್ಲಿಸಿ, ಒಬ್ಬರನ್ನು ಒಳಗೆ ಮಾತಾಡಲು ಬಿಟ್ಟು, ಅಕ್ಕಪಕ್ಕದ ಮತ್ತು ಕೆಳಗಿನ ಕೋಣೆಗಳಲ್ಲಿ ಕಿವಿಗೊಡಿ. ಮಾತು ಕೇಳಿಸಿದರೆ ಇಂದೇ ಬಲ್ಲವರನ್ನು ಕರೆಸಿ. ನಾಳೆ ಆ ಜಾಲರಿಯ ಕೆಳಗೆ ಯಾರು ನಿಂತಿರುತ್ತಾರೋ ಹೇಳಲಾಗದು.