ಹಿತ್ತಲಿಗೆ ಸಾಲುವಷ್ಟು ಟ್ರ್ಯಾಕ್ಟರ್

ಆ ಊರಿನಲ್ಲಿ ಮನೆಗಳಿಗಿಂತ ಹಿತ್ತಲುಗಳು ದೊಡ್ಡವು. ಬೀದಿಯ ಕಡೆಯಿಂದ ನೋಡಿದರೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಮನೆಗಳು. ಹಿಂಬಾಗಿಲು ತೆರೆದರೆ ಗುಡ್ಡದ ಬುಡದವರೆಗೂ ಚಾಚಿಕೊಂಡ ಕೆಂಪು ನೆಲ. ಒಬ್ಬರ ಹಿತ್ತಲಿಗೂ ಇನ್ನೊಬ್ಬರ ಹಿತ್ತಲಿಗೂ ನಡುವೆ ಗೋಡೆಯಿರಲಿಲ್ಲ, ತಂತಿಯಿರಲಿಲ್ಲ. ಸೀತಾಫಲದ ಗಿಡಗಳೋ, ಕಳ್ಳಿಯೋ, ಲಂಟಾನದ ಪೊದೆಯೋ ಸಾಲಾಗಿ ನಿಂತಿರುತ್ತಿದ್ದವು. ಬೇಲಿಯ ಹಣ್ಣು ಕಿತ್ತವರದು. ಬೇಲಿಯ ಬುಡದ ನೆಲ ಯಾರದೆಂದು ಯಾರೂ ಯಾರನ್ನೂ ಕೇಳಿರಲಿಲ್ಲ.

ಈ ಊರಿಗೆ ಭರಮಣ್ಣ ಎಂಬವನು ಕೆಲಸದಿಂದ ನಿವೃತ್ತನಾಗಿ ಬಂದು ನೆಲೆಸಿದನು. ಅವನದು ರೈಲ್ವೆ ಗೇಟು ಕಾಯುವ ಕೆಲಸವಾಗಿತ್ತು. ಗಂಟೆ ಬಾರಿಸಿದಾಗ ಗೇಟು ಇಳಿಸಬೇಕು, ಹಸಿರು ಬಾವುಟ ಹಿಡಿದು ನಿಲ್ಲಬೇಕು, ಎಂಜಿನ್ ಮುಖಕ್ಕೆ ಬಿಸಿಗಾಳಿ ಊದಿ ಹೋದಮೇಲೆ ಮತ್ತೆ ಗೇಟು ಎತ್ತಬೇಕು. ಪ್ರಾಯವೆಲ್ಲ ಹೀಗೆ ನಿಂತೇ ಕಳೆದಿತ್ತು. ಊರಿಗೆ ಬಂದಮೇಲೆ ಅವನಿಗೆ ಕುಳಿತರೆ ಕಾಲು ಜೋಮು ಹಿಡಿಯುತ್ತಿತ್ತು, ನಿಂತರೆ ಕೈ ಏನನ್ನಾದರೂ ಹುಡುಕುತ್ತಿತ್ತು. ಹೆಂಡತಿ ಅಂಬಕ್ಕ ಹಿತ್ತಲಿನಲ್ಲಿ ಅವರೆ, ತೊಗರಿ, ಬದನೆ ಬೆಳೆಯಬೇಕೆಂದು ಆಸೆಪಟ್ಟಿದ್ದಳು. ನೆಲ ಉಳಲು ಊರಿನಲ್ಲಿ ಎತ್ತು ಇದ್ದದ್ದು ಕೆಂಚಪ್ಪನ ಬಳಿ ಮಾತ್ರ. ಅವನು ಯಾವಾಗ ಕೇಳಿದರೂ "ನಾಳೆ ಬರ್ತೀನಿ" ಎನ್ನುತ್ತಿದ್ದನು. ಮಳೆ ಬಿದ್ದು, ಹದ ಬಂದು, ಹದ ಹೋಗಿ, ಕಳೆ ಮೊಣಕಾಲೆತ್ತರ ಬೆಳೆದರೂ ಅವನ ನಾಳೆ ಬರಲಿಲ್ಲ.

"ಇನ್ನೊಬ್ಬರ ದಾರಿ ಕಾದಿದ್ದು ಸಾಕಾಯ್ತು. ಒಂದು ಟ್ರ್ಯಾಕ್ಟರ್ ತಗೋತೀನಿ. ಸಣ್ಣದು. ನಮ್ಮ ಹಿತ್ತಲಿಗೆ ಸಾಲುವಷ್ಟು," ಎಂದನು ಭರಮಣ್ಣ.

ಸಣ್ಣದನ್ನು ಆರಿಸುವುದು ದೊಡ್ಡದನ್ನು ಆರಿಸುವಷ್ಟು ಸುಲಭವಲ್ಲ. ಪೇಟೆಯ ಅಂಗಡಿಯವನು ಮೊದಲು ಗಂಡಹೆಂಡತಿಯನ್ನು ಸೂರಿನೆತ್ತರದ ಒಂದು ಯಂತ್ರದ ಮುಂದೆ ನಿಲ್ಲಿಸಿದನು. ಅಂಬಕ್ಕ ಚೀಲದಿಂದ ಹಗ್ಗವೊಂದನ್ನು ತೆಗೆದಳು. ತಮ್ಮ ಬಾವಿಯ ಕಟ್ಟೆಗೂ ನುಗ್ಗೆಮರಕ್ಕೂ ನಡುವಿನ ಜಾಗವನ್ನು ಅದರಲ್ಲಿ ಅಳೆದು ಗಂಟು ಹಾಕಿ ತಂದಿದ್ದಳು. ಹಗ್ಗವನ್ನು ಚಕ್ರದಿಂದ ಚಕ್ರಕ್ಕೆ ಹಿಡಿದು, "ಇದು ಬಾವಿಗೆ ಬೀಳುತ್ತೆ," ಎಂದಳು. ಅಂಗಡಿಯವನು ಇನ್ನೊಂದು ತೋರಿಸಿದನು. "ಇದು ಮರಕ್ಕೆ ಗುದ್ದುತ್ತೆ," ಎಂದಳು. ಕೊನೆಗೆ ಅವನು ಹಿಂದಿನಿಂದ ಹಿಡಿದು ನಡೆಯುತ್ತಾ ಉಳುವ ಟಿಲ್ಲರ್ ಒಂದನ್ನು ಮುಂದಿಟ್ಟನು. ಹಗ್ಗಕ್ಕೆ ಅದು ಒಪ್ಪಿತು. ಭರಮಣ್ಣ ಒಪ್ಪಲಿಲ್ಲ.

"ಇಷ್ಟು ವರ್ಷ ನಿಂತಿದ್ದೀನಿ ಕಣಪ್ಪ. ನನಗೆ ಸೀಟಿರೋದು ಬೇಕು," ಎಂದನು.

ಆಮೇಲೆ ಅವನು ಆ ಅಂಗಡಿಗೆ ಪದೇಪದೇ ಹೋದನು. ಎಂಜಿನ್ನಿನ ಶಕ್ತಿ ಕೇಳಿದನು. ಇಳಿಜಾರಿನಲ್ಲಿ ಮಗುಚದಂತೆ ತಗ್ಗಾಗಿದೆಯೇ ಎಂದು ಬಗ್ಗಿ ನೋಡಿದನು. ಎಷ್ಟು ಕಿರಿದಾಗಿ ತಿರುಗುತ್ತದೆಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆಸಿ ಓಡಿಸಿ ನೋಡಿದನು. ಮಣ್ಣು ಪುಡಿಮಾಡುವ ರೋಟವೇಟರ್ ಇರಲಿ, ಗೊಬ್ಬರ ತಳ್ಳಲು ಮುಂದೊಂದು ಹಲಗೆ ಇರಲಿ ಎಂದು ಹೇಳಿದನು. ಆ ಊರಿನಲ್ಲಿ ಯಾರೂ ಮಗಳಿಗೆ ಗಂಡನ್ನು ಕೂಡ ಇಷ್ಟು ಎಚ್ಚರದಿಂದ ಆರಿಸಿರಲಿಲ್ಲ. ಕೊನೆಗೆ ಒಪ್ಪಿದ್ದು ನೀಲಿ ಬಣ್ಣದ ಒಂದು ಗಿಡ್ಡ ಟ್ರ್ಯಾಕ್ಟರ್. ಅದರ ಪಕ್ಕದಲ್ಲಿ ನಿಂತರೆ ಭರಮಣ್ಣನೇ ಎತ್ತರ ಕಾಣುತ್ತಿದ್ದನು. ಎಲ್ಲ ಅಳತೆಯಲ್ಲೂ ಅದು ಸರಿಯಾಗಿತ್ತು. ವರ್ಷಕ್ಕೆ ಅದಕ್ಕೆಷ್ಟು ಕೆಲಸವಿದೆ ಎಂಬುದೊಂದನ್ನು ಮಾತ್ರ ಯಾರೂ ಕೇಳಲಿಲ್ಲ. ಅಂಗಡಿಗಳಲ್ಲಿ ಅಂಥ ಪ್ರಶ್ನೆ ಕೇಳುವ ರೂಢಿಯಿಲ್ಲ.

ಟ್ರ್ಯಾಕ್ಟರ್ ಬಂದ ದಿನ ಬೆಳಗಿನ ತಿಂಡಿಗೆ ಮೊದಲು ಕೆಲಸ ಶುರುವಾಯಿತು, ಊಟದ ಹೊತ್ತಿಗೆ ಮುಗಿಯಿತು. ನೆಲ ಜರಡಿ ಹಿಡಿದ ಹಿಟ್ಟಿನಂತಾಗಿತ್ತು. ಅಂಬಕ್ಕ ಸಂಜೆಯೊಳಗೆ ಅವರೆ ಬಿತ್ತಿದಳು. ಭರಮಣ್ಣ ಯಂತ್ರವನ್ನು ತೊಳೆದು, ಒರೆಸಿ, ಚಪ್ಪರದ ಕೆಳಗೆ ನಿಲ್ಲಿಸಿದನು. ಮಾರನೆಯ ಬೆಳಿಗ್ಗೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತನು.

ದಿನಾ ಒಂದಿಷ್ಟು ಹೊತ್ತು ಸ್ಟಾರ್ಟ್ ಮಾಡದಿದ್ದರೆ ಬ್ಯಾಟರಿ ಸಾಯುತ್ತದೆ ಎಂದು ಅಂಗಡಿಯವನು ಹೇಳಿದ್ದನು. ಭರಮಣ್ಣ ಸ್ಟಾರ್ಟ್ ಮಾಡಿದನು. ಸ್ಟಾರ್ಟ್ ಆದ ಎಂಜಿನ್ ನಿಂತಲ್ಲೇ ನಡುಗುತ್ತಿರುವುದನ್ನು ನೋಡಿದರೆ ಕಟ್ಟಿಹಾಕಿದ ಕರುವನ್ನು ನೋಡಿದಂತಾಗುತ್ತಿತ್ತು. ಸೀಟಿಗೆ ಹತ್ತಿದನು. ಹತ್ತಿದಮೇಲೆ ಒಂದು ಸುತ್ತು ಹಾಕಿದನು. ಸುತ್ತು ಹಾಕುವಾಗ ಡೀಸೆಲ್ಲು ಸುಮ್ಮನೆ ಉರಿಯುವುದೇಕೆಂದು ರೋಟವೇಟರ್ ಇಳಿಸಿದನು.

"ಬಿತ್ತಿದ್ದೀನಿ! ಬೀಜ ಮೇಲೆ ಬರ್ತಿದೆ! ನಿಲ್ಲಿಸ್ತೀರೋ ಇಲ್ವೋ?" ಎಂದು ಅಂಬಕ್ಕ ಹಿಂಬಾಗಿಲಿನಿಂದ ಕೂಗಿದಳು.

ಹೀಗೆ ಭರಮಣ್ಣನ ಟ್ರ್ಯಾಕ್ಟರ್ ತನ್ನ ಹಿತ್ತಲಿನಿಂದ ಹೊರಬಿದ್ದಿತು. ನೆರೆಯವರ ಹಿತ್ತಲನ್ನು ಅವನು ಕೂಲಿಯಿಲ್ಲದೆ ಉತ್ತುಕೊಟ್ಟನು. ಜನರಿಗೆ ಹಬ್ಬ. ಅವನು ಹೋದಲ್ಲೆಲ್ಲ ಕಾಫಿ, ಹುರಿಗಡಲೆ, ನೆರಳಿನಲ್ಲೊಂದು ಚಾಪೆ. ಕೆಂಚಪ್ಪ ಎತ್ತುಗಳನ್ನು ಮಾರಿ ಪೇಟೆಯಲ್ಲಿ ಚಹದಂಗಡಿ ಇಟ್ಟನು. ಊರಿನ ಹಿತ್ತಲುಗಳೆಲ್ಲ ಉತ್ತು ಮುಗಿದವು. ಎಂಜಿನ್ ಇನ್ನೂ ನಡುಗುತ್ತಲೇ ಇತ್ತು. ರಾತ್ರಿ ಮಲಗಿದರೆ ಆ ನಡುಕ ಭರಮಣ್ಣನ ಅಂಗೈಯಲ್ಲಿ ಉಳಿದಿರುತ್ತಿತ್ತು.

ಒಂದು ದಿನ ಒಬ್ಬರ ಹಿತ್ತಲಿನಲ್ಲಿ ಅವನು ಬೇಲಿಯ ಹತ್ತಿರ ಬಂದು ಟ್ರ್ಯಾಕ್ಟರ್ ತಿರುಗಿಸಿದಾಗ, ಊರ ಯಜಮಾನ ಗಿರಿಯಪ್ಪ ನೋಡುತ್ತಾ ನಿಂತಿದ್ದನು. ತಿರುಗುವಲ್ಲಿ ಉಳುಮೆಯಾಗದೆ ಉಳಿದ ಪಟ್ಟಿಯನ್ನು ಅವನು ಕೋಲಿನಿಂದ ತೋರಿಸಿದನು.

"ಇದೊಂದು ದಂಡ ಹೋಗ್ತಿದೆಯಲ್ಲ, ಭರಮಣ್ಣ. ಬೇಲಿ ಇಲ್ಲದಿದ್ರೆ ನೀನು ನೇರ ಹೋಗ್ಬಿಡಬಹುದಿತ್ತು."

ಎರಡೂ ಮನೆಯವರು ನಕ್ಕು ಒಪ್ಪಿದರು. ಮುಂದಿನ ಹಲಗೆ ಇಳಿಯಿತು. ಕಳ್ಳಿಯ ಬೇಲಿ ಬುಡಸಮೇತ ಮಗುಚಿತು. ಅಲ್ಲಿ ಒಮ್ಮೆಲೇ ಬೆಳಕು ಹರಡಿತು, ಗಾಳಿ ಆಡಿತು. ಎಷ್ಟೊಂದು ಜಾಗ ಎಂದು ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಅದನ್ನು ಕಂಡವರಿಗೆಲ್ಲ ತಮ್ಮ ಬೇಲಿ ಉಸಿರುಗಟ್ಟಿಸತೊಡಗಿತು. ಮೊದಮೊದಲು ಭರಮಣ್ಣ ಎರಡೂ ಕಡೆಯವರನ್ನು ಕೇಳುತ್ತಿದ್ದನು. ಆಮೇಲೆ ಒಂದು ಕಡೆಯವರನ್ನು ಕೇಳಿದನು. ಆಮೇಲೆ ಕೇಳುವುದಕ್ಕೆ ಎಂಜಿನ್ ನಿಲ್ಲಿಸಬೇಕಾಗುತ್ತದೆ ಎಂದು ಕೇಳುವುದನ್ನೇ ಬಿಟ್ಟನು.

ಕೊನೆಗೆ ಉಳಿದದ್ದು ಅವನ ಪಕ್ಕದ ಮನೆಯ ದ್ಯಾಮವ್ವನ ಬೇಲಿ. ದ್ಯಾಮವ್ವ ಒಂಟಿ ಹೆಂಗಸು. ಹಿತ್ತಲಿನಲ್ಲಿ ಕನಕಾಂಬರ ಬೆಳೆದು, ಮಾಲೆ ಕಟ್ಟಿ, ಬುಟ್ಟಿಯಲ್ಲಿಟ್ಟುಕೊಂಡು ಪೇಟೆಗೆ ಹೋಗಿ ಮಾರುತ್ತಿದ್ದಳು. ಬೇಲಿಯ ಸೀತಾಫಲದ ಗಿಡಗಳನ್ನು ಅವಳ ಅತ್ತೆ ನೆಟ್ಟಿದ್ದಳು. ಬೆಳಗಿನ ಹೊತ್ತು ಅದರ ಆಚೆಗೊಬ್ಬಳು ಈಚೆಗೊಬ್ಬಳು ನಿಂತು ಅಂಬಕ್ಕನೂ ದ್ಯಾಮವ್ವನೂ ಮಾತಾಡುತ್ತಿದ್ದರು. ಭರಮಣ್ಣ ಹಲಗೆ ಇಳಿಸಿಕೊಂಡು ಬಂದಾಗ ದ್ಯಾಮವ್ವ ಗಿಡಗಳ ಮುಂದೆ ಬಂದು ನಿಂತಳು.

"ಪಕ್ಕಕ್ಕೆ ಸರಿ ದ್ಯಾಮವ್ವ. ಎಲ್ಲರದೂ ಆಯ್ತು. ನಿಂದೊಂದೇ ಅಡ್ಡ."

"ಅಡ್ಡ ಇರಲಿ ಅಂತಾನೇ ನೆಟ್ಟಿದ್ದು."

"ಬೇಕಾದ್ರೆ ಹೊಸ ಗಿಡ ನಾನೇ ಹಾಕ್ಕೊಡ್ತೀನಿ."

"ಎಲ್ಲಿ ಹಾಕ್ತೀಯಾ?"

ಭರಮಣ್ಣ ಬೇಲಿಯ ಆಚೆಗೂ ಈಚೆಗೂ ಕಣ್ಣು ಹಾಯಿಸಿದನು. ಅವನು ಎಂಜಿನ್ ಆರಿಸಿದನು. ಎಷ್ಟೋ ದಿನಗಳ ಮೇಲೆ ಹಕ್ಕಿಗಳ ದನಿ ಕೇಳಿಸಿತು. ಅದರಿಂದ ಅವನಿಗೆ ನೆಮ್ಮದಿಯಾಗಲಿಲ್ಲ. ಯಾರೋ ತನ್ನನ್ನು ಮತ್ತೆ ಗೇಟಿನ ಬಳಿ ನಿಲ್ಲಿಸಿ ಹೋದಂತಾಯಿತು. ಮನೆಗೆ ಬಂದವನು ಊಟದ ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಿನಿಂದ ಸಾಲುಸಾಲಾಗಿ ಗೀರುತ್ತಿದ್ದನು.

"ಮಾರಿಬಿಡಿ ಅದನ್ನ. ನಮ್ಮ ಹಿತ್ತಲಿನ ಕೆಲಸ ಮುಗೀತು," ಎಂದಳು ಅಂಬಕ್ಕ.

"ಮಾರಿದ ಮೇಲೆ ನಾನೇನು ಮಾಡಲಿ?"

ಅಂಬಕ್ಕ ಉತ್ತರ ಹೇಳುವ ಮೊದಲೇ ಗಿರಿಯಪ್ಪ ಜನರೊಂದಿಗೆ ಬಾಗಿಲಿಗೆ ಬಂದನು. ಆ ಒಂದು ಬೇಲಿ ಹೋದರೆ ಊರಿನ ಈ ತುದಿಯಿಂದ ಆ ತುದಿಗೆ ಒಂದೇ ಸಾಲು ಎಳೆಯಬಹುದೆಂದು ಅವರು ವಿವರಿಸಿದರು. ಒಬ್ಬಳ ಹಟಕ್ಕೆ ಊರೆಲ್ಲ ಸುತ್ತಿ ಬರಬೇಕೆ ಎಂದು ಕೇಳಿದರು. ಮಧ್ಯಾಹ್ನ ದ್ಯಾಮವ್ವ ಹೂವಿನ ಬುಟ್ಟಿ ಹೊತ್ತು ಪೇಟೆಗೆ ಹೋಗಿರುತ್ತಾಳೆಂದೂ ತಿಳಿಸಿದರು.

ಅವಳು ಪೇಟೆಯಿಂದ ಮರಳಿದಾಗ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ಕನಕಾಂಬರದ ಒಂದು ಪಾತಿಯೂ ಚಕ್ರದಡಿ ಹೋಗಿತ್ತು. ದ್ಯಾಮವ್ವ ಬುಟ್ಟಿ ಇಳಿಸಿದಳು. ನೆಲದ ಮೇಲೆ ಕುಳಿತು, ಇನ್ನೂ ಬಲಿಯದ ಸೀತಾಫಲದ ಕಾಯಿಗಳನ್ನು ಆರಿಸಿ ಬುಟ್ಟಿಗೆ ಹಾಕಿಕೊಳ್ಳತೊಡಗಿದಳು. ಅಂಬಕ್ಕ ಅದನ್ನು ಹಿಂಬಾಗಿಲಿನಿಂದ ಕಂಡಳು. ಮೆಟ್ಟಿಲಿಳಿದು ಸ್ವಲ್ಪ ದೂರ ಹೋದಳು. ಬೇಲಿಯಿಲ್ಲದ ಮೇಲೆ ಎಲ್ಲಿ ನಿಂತು ಮಾತಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಾಗೇ ಹಿಂದಿರುಗಿದಳು.

ಮಳೆ ಬಂದಿತು. ಬಯಲಾದ ಕೆಂಪು ನೆಲದ ಮೇಲೆ ಎಲ್ಲ ಕಡೆಯೂ ಒಂದೇ ಹಸಿರು ಎದ್ದಿತು. ಆಗ ಊರಿಗೆ ಒಂದು ಹೊಸ ತೊಂದರೆ ಕಾಣಿಸಿತು. ಯಾರ ಪೈರು ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗಲಿಲ್ಲ. ಗುರುತಿಗೆಂದು ಕಲ್ಲಿಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಕಲ್ಲು ಜರುಗಿರುತ್ತಿತ್ತು. ಗೂಟ ಹೊಡೆದರು. ಗೂಟ ಒಲೆಗೆ ಹೋಯಿತು. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ಕೈಯಗಲದ ನೆಲಕ್ಕೆ ಕುಡುಗೋಲು ಎತ್ತಿದರು. ಜನ ಹಗಲೆಲ್ಲ ಹಿತ್ತಲಿನಲ್ಲೇ ಕಾವಲು ನಿಂತರು. ಯಾರೂ ಯಾರಿಗೂ ಬೆನ್ನು ತೋರಿಸಿ ಕುಳಿತುಕೊಳ್ಳಲಿಲ್ಲ. ಕೊನೆಗೆ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಇದಕ್ಕೆಲ್ಲ ಭರಮಣ್ಣನ ಟ್ರ್ಯಾಕ್ಟರೇ ಕಾರಣ," ಎಂದರು.

ಊರ ಮುಂದಿನ ಕಟ್ಟೆಯಲ್ಲಿ ಸಭೆ ಸೇರಿತು. ಮೊದಲು ಮಾತಾಡಿದವಳು ದ್ಯಾಮವ್ವ.

"ಅದರ ಕೀಲಿ ಕಿತ್ಕೊಳ್ಳಿ. ಬೇಲಿಗೆ ಗಿಡ ನೆಡಿ. ಅಷ್ಟೇ."

"ಗಿಡ ಬೆಳೆಯೋಕೆ ವರ್ಷಗಟ್ಟಲೆ ಬೇಕಮ್ಮ," ಎಂದನು ಗಿರಿಯಪ್ಪ. "ಅಲ್ಲೀವರೆಗೆ? ಇವತ್ತು ಭರಮಣ್ಣನ ಕೀಲಿ ಕಿತ್ಕೊಂಡ್ರೆ ನಾಳೆ ಇನ್ನೊಬ್ಬ ತರ್ತಾನೆ. ಬಲ ಇರೋದನ್ನ ತಡೆಯೋಕೆ ಅದಕ್ಕಿಂತ ಬಲ ಇರೋದು ಬೇಕು. ಊರಿನದೇ ಒಂದು ಟ್ರ್ಯಾಕ್ಟರ್ ಇರಲಿ. ಅವನದಕ್ಕಿಂತ ದೊಡ್ಡದು."

ಇದು ಎಲ್ಲರಿಗೂ ಸರಿಯೆನಿಸಿತು. ಈ ಸಲ ಆಯ್ಕೆಗೆ ಹೊತ್ತು ಹಿಡಿಯಲಿಲ್ಲ. ಅಂಗಡಿಗೆ ಹೋದ ಗಿರಿಯಪ್ಪ ಇದ್ದುದರಲ್ಲೇ ದೊಡ್ಡದನ್ನು ಬೊಟ್ಟುಮಾಡಿ ತೋರಿಸಿ ಬಂದನು. ಅದು ಊರಿಗೆ ಬಂದಾಗ ಬೀದಿಯಲ್ಲಿ ಹಿಡಿಸಲಿಲ್ಲ. ಎರಡೂ ಬದಿಯ ಜಗಲಿಗಳನ್ನು ಒಡೆದು ದಾರಿ ಮಾಡಿದರು. ಜಗಲಿ ಕಳೆದುಕೊಂಡವರು ಬೇಸರಪಡಲಿಲ್ಲ. ಇದೆಲ್ಲ ತಮ್ಮ ಕಾವಲಿಗೇ ಎಂದು ತಾವೂ ಕಲ್ಲು ಹೊತ್ತರು. ಗಾಳಿಪಟದ ಕಾಗದ ತಂದು ಅದರ ಮೂತಿಯನ್ನು ಸಿಂಗರಿಸಿದರು.

ಭರಮಣ್ಣ ತನ್ನನ್ನು ಕರೆಯುವುದಕ್ಕೆ ಕಾಯಲಿಲ್ಲ. ಹಿಂದಿನ ದಿನವೇ ಅವನು ಅಂಬಕ್ಕನಿಗೆ ಹೇಳಿದ್ದನು: "ಕೀಲಿ ಕೊಟ್ಟುಬರ್ತೀನಿ. ಕೈ ನಡುಗಿದರೆ ನಡುಗಲಿ. ಆಮೇಲೆ ದ್ಯಾಮವ್ವನ ಹತ್ತಿರ ಹೋಗಿ, ಗುಂಡಿ ಎಲ್ಲಿ ತೋಡಲಿ ಅಂತ ಕೇಳ್ತೀನಿ." ಅಂಬಕ್ಕ ಬಹಳ ದಿನಗಳ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದ್ದಳು. ಈಗ ಅವನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಬಂದನು. ಅವನು ಕೈ ಮುಂದೆ ಚಾಚಿದನು.

"ತಪ್ಪಾಯ್ತು ಯಜಮಾನ್ರೇ. ಇದನ್ನ ಇಟ್ಕೊಳ್ಳಿ."

ಗಿರಿಯಪ್ಪ ಆ ಕೀಲಿಯ ಕಡೆ ನೋಡಲಿಲ್ಲ. ಅವನಿಗೆ ಆಗಷ್ಟೇ ಬೇರೊಂದು ಯೋಚನೆ ಹತ್ತಿತ್ತು. ಪೇಟೆಯಿಂದ ಟ್ರ್ಯಾಕ್ಟರ್ ತಂದುಬಿಟ್ಟ ಅಂಗಡಿಯ ಆಳು ಬಸ್ಸು ಹಿಡಿದು ಹೋಗಿಬಿಟ್ಟಿದ್ದನು. ಗಿರಿಯಪ್ಪ ಜನರ ಕಡೆ ತಿರುಗಿದನು.

"ಇದನ್ನ ಓಡಿಸೋಕೆ ಯಾರಿಗೆ ಬರುತ್ತೆ?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಭರಮಣ್ಣನನ್ನು ನೋಡಿದರು.

"ನಾನು ಬಿಟ್ಟುಬಿಡೋಕೆ ಬಂದಿದ್ದೀನಿ," ಎಂದನು ಭರಮಣ್ಣ. ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಆಗ ನಿನ್ನ ಖುಷಿಗೆ ಓಡಿಸಿದೆ. ಈಗ ಊರು ಕೇಳ್ತಿದೆ," ಎಂದು ಗಿರಿಯಪ್ಪ ದೊಡ್ಡ ಟ್ರ್ಯಾಕ್ಟರಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಿಸಿದನು. "ಇನ್ನು ಮೇಲೆ ಯಾರೂ ಗಡಿ ದಾಟದ ಹಾಗೆ ನೋಡ್ಕೊಳ್ಳೋದು ನಿನ್ನ ಕೆಲಸ."

ಭರಮಣ್ಣ ಮನೆಗಳ ಸಂದಿನಿಂದ ಕಾಣುವ ಹಿತ್ತಲುಗಳ ಕಡೆ ನೋಡಿದನು. ಗುಡ್ಡದ ಬುಡದವರೆಗೂ ಮಟ್ಟಸವಾದ ನೆಲ.

"ಗಡಿ ಎಲ್ಲಿದೆ, ಯಜಮಾನ್ರೇ?"

ಗಿರಿಯಪ್ಪನೂ ಆ ಕಡೆ ನೋಡಿದನು.

"ನೀನು ಎಲ್ಲಿ ನಿಲ್ಲಿಸ್ತೀಯೋ ಅಲ್ಲಿ."

ಯಾರೋ ಚಪ್ಪಾಳೆ ತಟ್ಟಿದರು. ಭರಮಣ್ಣ ಮೆಟ್ಟಿಲಿಗೆ ಕಾಲಿಟ್ಟು ಎತ್ತರದ ಸೀಟಿಗೆ ಹತ್ತಿದನು. ಎಂಜಿನ್ ಗುಡುಗಿದಾಗ, ಯಾರೂ ಹೇಳದೆಯೇ ಜನ ಹಿಂದೆ ಸರಿದು ದಾರಿ ಬಿಟ್ಟರು. ಎಲ್ಲರಿಗಿಂತ ಕೊನೆಗೆ, ಖಾಲಿ ಬುಟ್ಟಿಯನ್ನು ಎದೆಗವಚಿಕೊಂಡು, ದ್ಯಾಮವ್ವನೂ ಸರಿದಳು.